ಏಳನೆಯ ಎಲೆ

ನಾವು ಗಿಡ ಮಾರುವವರಲ್ಲ, ಬಾಡಿಗೆಗೆ ಕೊಡುವವರು. ಬ್ಯಾಂಕು, ಹೋಟೆಲು, ಆಸ್ಪತ್ರೆ, ವಕೀಲರ ಕಚೇರಿ, ಎಲ್ಲೆಲ್ಲಿ ಜನ ಕಾಯುತ್ತ ಕೂರುತ್ತಾರೋ ಅಲ್ಲೆಲ್ಲ ನಮ್ಮ ಕುಂಡಗಳಿರುತ್ತವೆ. ಹದಿನೈದು ದಿನಕ್ಕೊಮ್ಮೆ ಟೆಂಪೋದಲ್ಲಿ ಬೇರೆ ಗಿಡಗಳನ್ನು ಒಯ್ದಿಟ್ಟು, ಅಲ್ಲಿದ್ದವನ್ನು ವಾಪಸು ತರುತ್ತೇವೆ. ಬಂದವು ನಮ್ಮ ನೆರಳುಬಲೆಯ ಚಪ್ಪರದಡಿ ಒಂದೂವರೆ ತಿಂಗಳು ಸುಧಾರಿಸಿಕೊಂಡು ಮತ್ತೆ ಹೊರಡುತ್ತವೆ. ಇದು ನೋಡುವವರಿಗೆ ತಿಳಿಯುವುದಿಲ್ಲ. ಬ್ಯಾಂಕಿನ ಹಿರಿಯ ಗುಮಾಸ್ತೆಯೊಬ್ಬರು ಒಮ್ಮೆ ನನ್ನನ್ನು ನಿಲ್ಲಿಸಿ, "ಆರು ವರ್ಷದಿಂದ ಒಂದು ಎಲೆ ಬಾಡಿಲ್ಲ ನೋಡಿ. ನನ್ನ ಕೈಗುಣ ಅದು" ಎಂದಿದ್ದರು. ಆ ಆರು ವರ್ಷದಲ್ಲಿ ಅವರ ಮೇಜಿನ ಪಕ್ಕ ಕಡಿಮೆಯೆಂದರೂ ನೂರೈವತ್ತು ಗಿಡಗಳು ಬಂದು ಹೋಗಿದ್ದವು. "ಹೌದು ಮೇಡಂ" ಎಂದೆ. ಹಾಗೆ ಹೇಳುವುದೂ ನಮ್ಮ ಕೆಲಸದಲ್ಲಿ ಸೇರಿದೆ.

ವ್ಯವಹಾರ ಅಕ್ಕನದು. ನಾನು ಸಸ್ಯಶಾಸ್ತ್ರ ಓದಿದವನು. ಸಂಶೋಧನೆಯ ಕೆಲಸ ಅರ್ಧಕ್ಕೆ ನಿಂತ ಮೇಲೆ ಅಕ್ಕನ ಜೊತೆ ಸೇರಿಕೊಂಡೆ. "ನೀನು ಗಿಡದ ಹೆಸರು ಹೇಳ್ತಾ ಇರು, ನಾನು ಗಿಡ ಉಳಿಸ್ತೀನಿ" ಎಂದು ಅವಳು ಮೊದಲ ದಿನ ಹೇಳಿದ್ದು ಈಗಲೂ ನಮ್ಮಿಬ್ಬರ ಕೆಲಸದ ಹಂಚಿಕೆ.

ನಮ್ಮಲ್ಲಿ ಅತಿ ಹೆಚ್ಚು ಇರುವುದು ಕ್ರೋಟನ್, ಸುಮಾರು ನಾನೂರು ಕುಂಡ. ಹಳದಿ, ಕೆಂಪು, ಕಿತ್ತಳೆ ಚುಕ್ಕೆಗಳ ಗಟ್ಟಿ ಎಲೆಯ ಈ ಗಿಡ ಕಣ್ಣಿಗೆ ಎಷ್ಟು ಧೈರ್ಯವಂತನಂತೆ ಕಾಣುತ್ತದೋ ಒಳಗೆ ಅಷ್ಟೇ ಪುಕ್ಕಲು. ಬೆಳಕು ಕಡಿಮೆಯಾದರೆ ಬಣ್ಣ ಬಿಟ್ಟು ಹಸಿರಿಗೆ ತಿರುಗುತ್ತದೆ. ತಣ್ಣನೆಯ ಗಾಳಿ ಬಡಿದರೆ ಎಲೆ ಉದುರಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಜಾಗ ಬದಲಾಯಿಸುವುದು ಅದಕ್ಕೆ ಆಗಿಬರುವುದಿಲ್ಲ. ಬೆಳಕಿದ್ದ ಕಡೆಯಿಂದ ಕತ್ತಲಿಗೆ ಒಯ್ದರೆ ಎರಡು ವಾರ ಹೇಗೋ ಬಿಗಿಹಿಡಿದು ನಿಂತು, ಮೂರನೆಯ ವಾರ ಕೆಳಗಿನಿಂದ ಒಂದೊಂದೇ ಎಲೆ ಬಿಡತೊಡಗುತ್ತದೆ. ಹದಿನೈದು ದಿನದ ನಿಯಮವನ್ನು ಅಕ್ಕ ಮಾಡಿದ್ದು ಈ ಕಾರಣಕ್ಕೇ. "ಗಿರಾಕಿ ಕಣ್ಣೆದುರು ಗಿಡ ಸಾಯಬಾರದು. ಸಾಯೋದಿದ್ದರೆ ನಮ್ಮ ಅಂಗಳಕ್ಕೆ ಬಂದು ಸಾಯಲಿ" ಎನ್ನುತ್ತಾಳೆ.

ಈ ನಿಯಮವನ್ನು ನಾನು ಒಮ್ಮೆ ಮುರಿದೆ.

ಒಂದು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ತಿಂಗಳುಗಟ್ಟಲೆ ಮಲಗುವವರ ವಾರ್ಡಿನಲ್ಲಿ ನಮ್ಮ ಎಂಟು ಕುಂಡಗಳಿದ್ದವು. ಸೋಮವಾರ ಬದಲಾಯಿಸಿ ಬಂದಿದ್ದೆ. ಗುರುವಾರ ಅಲ್ಲಿಂದ ಫೋನು, ಯಾರೋ ಗಿಡದ ಬಗ್ಗೆ ತಕರಾರು ಮಾಡುತ್ತಿದ್ದಾರೆ, ಬನ್ನಿ ಎಂದು. ಹೋದೆ. ಕೊನೆಯ ಕೋಣೆಯ ಬಾಗಿಲಲ್ಲಿ ತೆಳ್ಳಗಿನ, ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಸಿಕ್ಕಿಸಿಕೊಂಡಿದ್ದ ಹಿರಿಯರೊಬ್ಬರು ನಿಂತಿದ್ದರು. ಪಕ್ಕದಲ್ಲಿ ಹೆಡ್ ಸಿಸ್ಟರ್.

"ಮೊದಲು ಇದ್ದ ಗಿಡ ಎಲ್ಲಿ?" ಎಂದರು ಹಿರಿಯರು.

"ಇದೇ ಅದು ಸಾರ್" ಎಂದೆ, ಅಭ್ಯಾಸಬಲದಿಂದ.

"ಅದಕ್ಕೆ ಹದಿನಾಲ್ಕು ಎಲೆ ಇತ್ತು. ಇದಕ್ಕೆ ಹದಿನೇಳು. ಕೆಳಗಿಂದ ಎಣಿಸಿದರೆ ಅದರ ಏಳನೇ ಎಲೆ ತುದಿ ಹತ್ತಿರ ಬೆರಳಗಲ ಹರಿದಿತ್ತು. ನಾಲ್ಕು ದಿನದಲ್ಲಿ ಹರಿದ ಎಲೆ ಕೂಡಿಕೊಳ್ಳುತ್ತಾ? ಕೂಡಿಕೊಳ್ಳೋದಾದರೆ ಹೇಳಿ, ನನಗೆ ಗೊತ್ತಿಲ್ಲ."

ಹೆಡ್ ಸಿಸ್ಟರ್ ನಕ್ಕರು. "ಇವರ ಹತ್ತಿರ ನಡೆಯಲ್ಲ ಅಣ್ಣ. ಪುಸ್ತಕದ ಪ್ರೆಸ್ಸಲ್ಲಿ ಪ್ರೂಫ್ ನೋಡ್ತಿದ್ದವರು. ನಮ್ಮ ನೋಟಿಸ್ ಬೋರ್ಡನ್ನೇ ಕೆಂಪು ಪೆನ್ನಲ್ಲಿ ತಿದ್ದಿಟ್ಟಿದ್ದಾರೆ. ಆರು ತಪ್ಪು."

"ಏಳು" ಎಂದರು ಅವರು.

ವಾರ್ಡಿನಲ್ಲಿ ಎಲ್ಲರೂ ಅವರನ್ನು ಪ್ರೂಫ್ ಸಾರ್ ಎನ್ನುತ್ತಿದ್ದರು. ಒಳಗೆ ಮಲಗಿದ್ದವರು ಅವರ ಹೆಂಡತಿ. ಮಿದುಳಿನ ಬಲಭಾಗಕ್ಕೆ ರಕ್ತದ ಹರಿವು ನಿಂತು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಉಸಿರಿಗೆಂದು ಗಂಟಲಿಗೆ ಕೊಳವೆ ಹಾಕಿದ್ದರಿಂದ ಮಾತಿರಲಿಲ್ಲ. ಅದಕ್ಕಿಂತ ವಿಚಿತ್ರವಾದ ಇನ್ನೊಂದು ನಷ್ಟವನ್ನು ಪ್ರೂಫ್ ಸಾರ್ ನನಗೆ ಕಾರಿಡಾರಿನ ಬೆಂಚಿನಲ್ಲಿ ಕೂರಿಸಿ ವಿವರಿಸಿದರು.

"ಇವಳ ಪಾಲಿಗೆ ಎಡಗಡೆ ಅನ್ನೋದೇ ಇಲ್ಲ ಈಗ. ಕಣ್ಣು ಸರಿಯಾಗೇ ಇದೆ. ಆದರೆ ಎಡಗಡೆ ಒಂದು ಪ್ರಪಂಚ ಇದೆ ಅಂತ ಮನಸ್ಸಿಗೆ ಬರಲ್ಲ. ಬಾಚಣಿಗೆ ಕೊಟ್ಟರೆ ಬಲಗಡೆ ಕೂದಲು ಮಾತ್ರ ಬಾಚಿಕೊಳ್ತಾಳೆ. ಬರೆಯಲಿ ಅಂತ ಕಾಗದ ಕೊಟ್ಟೆ. ಬಲತುದಿಯಲ್ಲಿ ಏನೋ ಗೀಚಿ ಕೈಬಿಟ್ಟಳು. ವ್ಯಾಯಾಮ ಮಾಡಿಸೋ ಮೇಡಂ ಹೇಳಿದರು, ಎಡಕ್ಕೆ ತಿರುಗೋ ಹಾಗೆ ಮಾಡಿ, ಅದು ಬಂದರೆ ಉಳಿದದ್ದೂ ಒಂದೊಂದೇ ಬರುತ್ತೆ ಅಂತ. ನಾನು ಎಡಗಡೆ ಕೂತು ಕರೆದೆ. ಊಹೂಂ. ಮೂವತ್ತಾರು ವರ್ಷ ಕೇಳಿದ ಧ್ವನಿ ಸಾಕಾಗಿರಬೇಕು."

ಹೀಗೆ ಹೇಳಿ ನನ್ನ ಮುಖ ನೋಡಿದರು, ನಗಲಿ ಎಂದು. ನಾನು ನಗಲಿಲ್ಲ.

"ಆ ಗಿಡಕ್ಕೆ ತಿರುಗಿದಳು. ಗಾಲಿಕುರ್ಚಿಗೆ ಜಾಗ ಬೇಕು ಅಂತ ಸಿಸ್ಟರ್ ಕಾರಿಡಾರಿನ ಕುಂಡ ಎತ್ತಿ ಒಳಗೆ ಇಟ್ಟಿದ್ದರು, ಹಾಸಿಗೆ ಎಡಕ್ಕೆ. ಮೂರನೇ ದಿನ ಬೆಳಗ್ಗೆ ತಲೆ ತಾನಾಗಿ ಹೊರಳಿತು. ಮಾರನೇ ದಿನವೂ. ಈ ಸೋಮವಾರದಿಂದ ಇಲ್ಲ. ನಿಮಗೆ ಇದು ಹುಚ್ಚು ಅನ್ನಿಸಬಹುದು. ನನಗೆ ಆ ಗಿಡವೇ ಬೇಕು."

ನನಗೆ ಹುಚ್ಚು ಅನ್ನಿಸಲಿಲ್ಲ, ಕಾಕತಾಳೀಯ ಅನ್ನಿಸಿತು. ಆದರೂ ಅಂಗಳಕ್ಕೆ ಹಿಂದಿರುಗಿ ನಾನೂರು ಕ್ರೋಟನ್‌ಗಳ ನಡುವೆ ಏಳನೆಯ ಎಲೆ ಹರಿದದ್ದನ್ನು ಹುಡುಕಿದೆ. ಮೂರನೆಯ ಸಾಲಿನಲ್ಲಿ, ಸೋರುವ ನಲ್ಲಿಯ ಪಕ್ಕದಲ್ಲಿತ್ತು. ಶುಕ್ರವಾರ ಬೆಳಗ್ಗೆ ಒಯ್ದು ಮೊದಲಿದ್ದ ಜಾಗದಲ್ಲೇ ಇಟ್ಟೆ. ಆಕೆ ಛಾವಣಿ ನೋಡುತ್ತಿದ್ದರು. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ, ತುಂಬಿದ ಮೇಜಿನ ಖಾನೆಯನ್ನು ಯಾರೋ ನಿಧಾನವಾಗಿ ಎಳೆದ ಹಾಗೆ, ತಲೆ ಎಡಕ್ಕೆ ಸರಿಯಿತು. ಕಣ್ಣು ಬುಡದಿಂದ ತುದಿಯವರೆಗೆ ಗಿಡವನ್ನು ಹತ್ತಿತು. ಹೆಡ್ ಸಿಸ್ಟರ್ ಕೈಯಲ್ಲಿದ್ದ ಟ್ರೇ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಪ್ರೂಫ್ ಸಾರ್ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಮುಂದಿನ ಸರದಿಯಲ್ಲಿ ಏಳು ಕುಂಡ ಬದಲಾಯಿಸಿ ಅದೊಂದನ್ನು ಬಿಟ್ಟುಬಂದೆ. ಅಕ್ಕನಿಗೆ ಹೇಳಿದಾಗ ಅವಳು ತಲೆ ಚಚ್ಚಿಕೊಂಡಳು. "ಅಷ್ಟು ಓದಿದೀಯ. ಆ ಗಿಡ ಅಲ್ಲಿ ಎಷ್ಟು ದಿನ ಬದುಕುತ್ತೆ ಅಂತ ನಿನಗೆ ನಾನು ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಬೆಳಕಿನ ಮಾಪಕ ಒಯ್ದು ಅಳೆದಿದ್ದೆ. ಆ ಹಾಸಿಗೆಯ ಪಕ್ಕ ಬೀಳುತ್ತಿದ್ದ ಬೆಳಕು ನಮ್ಮ ಚಪ್ಪರದ ಬೆಳಕಿನ ನಲವತ್ತರಲ್ಲಿ ಒಂದು ಪಾಲು. ಗಿಡಕ್ಕೆಂದು ಬೇರೆ ದೀಪ ಹಾಕಲು ಆಸ್ಪತ್ರೆಯವರು ಒಪ್ಪಲಿಲ್ಲ. ಎರಡು ದಿನಕ್ಕೊಮ್ಮೆ ಬೆಳಗ್ಗೆ ನಾನೇ ಹೋಗಿ ಕುಂಡವನ್ನು ಲಿಫ್ಟಿನಲ್ಲಿ ತಾರಸಿಗೆ ಒಯ್ದು, ಎರಡು ಗಂಟೆ ಎಳೆಬಿಸಿಲಿಗಿಟ್ಟು ಕೆಳಗೆ ತರುತ್ತಿದ್ದೆ. ಕೆಳಗೇ ಬಿಟ್ಟರೆ ಕತ್ತಲೆಯಿಂದ ಎಲೆ ಉದುರುತ್ತದೆ, ಮೇಲೊಯ್ದರೆ ಓಡಾಟದಿಂದ ಉದುರುತ್ತದೆ. ಎರಡರಲ್ಲಿ ಯಾವುದು ನಿಧಾನ ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು. ಎಲೆಗಳ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ; ನಾನು ಹೋಗದ ದಿನ ಪ್ರೂಫ್ ಸಾರ್ ಒರೆಸುತ್ತಿದ್ದರು. ಎಸಿ ಗಾಳಿ ನೇರವಾಗಿ ಬಡಿಯದಂತೆ ಕಿಂಡಿಗೆ ರಟ್ಟು ಕಟ್ಟಿದ್ದೆ. ಬೆರಳನ್ನು ಒಂದು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕೆಂದು ಪ್ರೂಫ್ ಸಾರ್‌ಗೆ ಕಲಿಸಿದ್ದೆ.

ಆಕೆ ಸುಧಾರಿಸುತ್ತಿದ್ದರು. ವ್ಯಾಯಾಮದ ಮೇಡಂ ವಾರಕ್ಕೆ ಒಂದು ಗೇಣಿನಷ್ಟು ಕುಂಡವನ್ನು ಇನ್ನೂ ಎಡಕ್ಕೆ, ಹಿಂದಕ್ಕೆ ಸರಿಸುತ್ತ ಹೋದರು. ತಲೆ ಅಷ್ಟಷ್ಟೇ ಹಿಂಬಾಲಿಸಿತು. ಮೂರನೆಯ ವಾರ ಬಲಗೈಯನ್ನು ಎದೆಯ ಮೇಲಿಂದ ದಾಟಿಸಿ ಗಿಡದ ಕಡೆ ಚಾಚಿದರು. ನಾಲ್ಕನೆಯ ವಾರ ಆ ಕೈ ದಾರಿಯಲ್ಲಿ ತಮ್ಮದೇ ಎಡಗೈಗೆ ತಗುಲಿತು. ಅದನ್ನು ಯಾರದೋ ವಸ್ತುವೆಂಬಂತೆ ಬಹಳ ಹೊತ್ತು ಮುಟ್ಟಿ ನೋಡಿದರಂತೆ.

ಅದೇ ವಾರ ಗಿಡ ಮೊದಲ ಎಲೆ ಬಿಟ್ಟಿತು.

"ಅಣ್ಣ, ಇವತ್ತು ಇನ್ನೊಂದು ಬಿತ್ತು" ಎಂದು ಹೆಡ್ ಸಿಸ್ಟರ್ ಫೋನು ಮಾಡಿದರು. "ಪ್ರೂಫ್ ಸಾರ್ ತಕ್ಷಣ ಎತ್ತಿ ಜೇಬಿಗೆ ಹಾಕಿಕೊಂಡರು. ಹೆಂಡತಿ ನೋಡಬಾರದು ಅಂತ. ಏನಾದರೂ ಮಾಡಿ."

ಹದಿನಾಲ್ಕು ಎಲೆ ಹನ್ನೊಂದಾಯಿತು. ಏಳನೆಯದು ಈಗ ಕೆಳಗಿನಿಂದ ನಾಲ್ಕನೆಯದಾಗಿದ್ದರೂ ನಾವೆಲ್ಲ ಅದನ್ನು ಏಳನೆಯದೆಂದೇ ಕರೆಯುತ್ತಿದ್ದೆವು. ಇನ್ನೆರಡು ವಾರ ಕಳೆದರೆ ಆ ಎಲೆಯೂ ಹೋಗುತ್ತದೆ. ತುದಿಯಲ್ಲಿ ಹಸಿರು ಕುಚ್ಚು ಹೊತ್ತ ಬೋಳು ಕೋಲೊಂದು ಉಳಿಯುತ್ತದೆ. ಅದನ್ನು ನೋಡಲು ಆಕೆ ತಿರುಗುವರೇ? ಗೊತ್ತಿರಲಿಲ್ಲ. ಆ ಗಿಡದ ತುದಿಗೇ ಗೂಟಿ ಕಟ್ಟಿ, ಅಂದರೆ ತೊಗಟೆ ಸುಲಿದು ಒದ್ದೆ ಪಾಚಿ ಸುತ್ತಿ, ಬೇರು ಬರಿಸೋಣವೆಂದರೆ ಆರು ವಾರ ಬೇಕು. ನನ್ನಲ್ಲಿ ಎರಡು ವಾರವಿತ್ತು.

ಆದ್ದರಿಂದ ನಕಲು ಮಾಡಿದೆ.

ಒಂದೇ ತಾಯಿಗಿಡದ ಕಡ್ಡಿಗಳಿಂದ ಒಂದೇ ದಿನ ನೆಟ್ಟ ಅರವತ್ತು ಗಿಡಗಳಿದ್ದವು. ಅದರಲ್ಲಿ ಎತ್ತರ, ಕಾಂಡದ ದಪ್ಪ, ಎಲೆಯ ಚುಕ್ಕೆ ಎಲ್ಲ ಅದನ್ನೇ ಹೋಲುವ ಒಂದನ್ನು ಮೂರು ದಿನ ನೋಡಿ ನೋಡಿ ಆರಿಸಿದೆ. ಹನ್ನೊಂದು ಎಲೆ ಉಳಿಸಿ ಕೆಳಗಿನವನ್ನು ಕಿತ್ತೆ, ಕತ್ತರಿಸಲಿಲ್ಲ; ಕತ್ತರಿಸಿದರೆ ಗುರುತು ಬೇರೆ ಥರ ಉಳಿಯುತ್ತದೆ. ಕೆಳಗಿನಿಂದ ನಾಲ್ಕನೆಯ ಎಲೆಯ ತುದಿಯನ್ನು ಉಗುರಿನಿಂದ ಹರಿದೆ, ನಡುನರದ ಎಡಕ್ಕೆ, ಬೆರಳಗಲ. ಹಾಲು ಒಸರಿ ಅಂಗಿಯ ತೋಳಿಗೆ ತಾಗಿತು. ಕ್ರೋಟನ್ನಿನ ಹಾಲು ಬಟ್ಟೆಗೆ ತಾಗಿದರೆ ಕಂದು ಕಲೆಯಾಗಿ ಉಳಿಯುತ್ತದೆ, ಯಾವ ಸಾಬೂನಿಗೂ ಹೋಗುವುದಿಲ್ಲ. ಹರಿದ ಅಂಚು ಹಳತಾಗಿ ಕಾಣಲೆಂದು ಐದು ದಿನ ಒಣಗಲು ಬಿಟ್ಟೆ. ಕುಂಡದ ಅಂಚಿನ ಸುಣ್ಣದ ಗೆರೆಯೂ ಹೊಂದುವಂತೆ ನೋಡಿಕೊಂಡೆ. ಇಂಥ ಕೆಲಸದಲ್ಲಿ ನನಗೆ ಎಂದೂ ಬೇಸರ ಬಂದಿಲ್ಲ. ನಿಜ ಹೇಳುವುದಾದರೆ ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ.

ತಾರಸಿಗೆ ಒಯ್ಯುವ ದಿನ ಬಂತು. ನಮ್ಮ ಟೆಂಪೋ ಚಾಲಕನನ್ನು ಗಡಿಯಾರ ಎಂದು ಕರೆಯುತ್ತೇವೆ, ಒಂದು ದಿನವೂ ಹೇಳಿದ ಹೊತ್ತಿಗೆ ಬರದವನೆಂದು. ಅವತ್ತು ಸರಿಯಾದ ಹೊತ್ತಿಗೆ ಬಂದು ನಕಲನ್ನು ಹಿಂದಿನ ಮೆಟ್ಟಿಲಿನಿಂದ ಹೊತ್ತು ತಂದ. ಎರಡೂ ಕುಂಡಗಳನ್ನು ಬಿಸಿಲಿನಲ್ಲಿ ಅಕ್ಕಪಕ್ಕ ಇಟ್ಟು ಇಪ್ಪತ್ತು ನಿಮಿಷ ನೋಡಿದೆ. ಎಲೆ ಎಣಿಸಿದೆ, ಹರಿದದ್ದರ ಉದ್ದ ಅಳೆದೆ.

"ಯಾವುದು ಯಾವುದು ಅಂತ ನನಗೇ ಗೊತ್ತಾಗ್ತಿಲ್ಲ" ಎಂದ ಗಡಿಯಾರ. "ನೀವೇ ಹಳೇದನ್ನ ಕೆಳಗೆ ತಗೊಂಡು ಹೋಗಿಬಿಟ್ಟೀರಿ, ಹುಷಾರು."

ನಕಲನ್ನು ಒಯ್ದು ಹಾಸಿಗೆಯ ಎಡಕ್ಕೆ, ಹರಿದ ಎಲೆ ಆಕೆಯ ಕಡೆಗಿರುವಂತೆ ಇಟ್ಟೆ. ಪ್ರೂಫ್ ಸಾರ್ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಹನ್ನೊಂದು" ಎಂದರು. "ಏಳನೆಯದು ಇದೆ. ಇವತ್ತು ಬಿಸಿಲು ಚೆನ್ನಾಗಿ ತಗುಲಿದೆ ಅಂತ ಕಾಣುತ್ತೆ, ಕಳೆ ಬಂದಿದೆ." ಹೆಂಡತಿಯ ಕಡೆ ತಿರುಗಿ, "ನೋಡೇ, ನಿನ್ನ ಗಿಡ ಬಂತು. ಅದೇ ಗಿಡ" ಎಂದರು.

ತಲೆ ಹೊರಳಿತು. ಆಕೆ ನೋಡಿದರು, ಎಂದಿಗಿಂತ ಹೆಚ್ಚು ಹೊತ್ತು. ಕಣ್ಣು ಬುಡದಿಂದ ಹತ್ತಿ ಅರ್ಧಕ್ಕೆ ನಿಂತಿತು, ಮತ್ತೆ ಬುಡಕ್ಕೆ ಇಳಿದು ಹತ್ತಿತು. ಆಮೇಲೆ ಗಂಡನ ಮುಖ ನೋಡಿದರು. ಬಲಗೈಯ ತೋರುಬೆರಳು ಹೊದಿಕೆಯ ಮೇಲೆ ನಿಧಾನವಾಗಿ ಒಂದು ಸುತ್ತು ಹಾಕಿತು. ನಿಂತಿತು. ಆಮೇಲೆ ಉಲ್ಟಾ ಒಂದು ಸುತ್ತು. ಮತ್ತೆ ಮೊದಲಿನ ಹಾಗೆ ಒಂದು, ಮತ್ತೆ ಉಲ್ಟಾ ಒಂದು.

"ಅಯ್ಯೋ, ಬೆರಳು ಆಡಿಸ್ತಿದ್ದಾರೆ ನೋಡಿ" ಎಂದರು ಹೆಡ್ ಸಿಸ್ಟರ್. ವ್ಯಾಯಾಮದ ಮೇಡಂ ಅನ್ನು ಕರೆಸಿದರು. ಎಲ್ಲರಿಗೂ ಖುಷಿ. ಪ್ರೂಫ್ ಸಾರ್ ಆ ಬೆರಳನ್ನು ತಮ್ಮ ಕೈಯಲ್ಲಿ ಹಿಡಿದು, "ಸಾಕು ಸಾಕು, ಸುಸ್ತಾಗುತ್ತೆ" ಎಂದರು. ಬೆರಳು ಅವರ ಅಂಗೈಯೊಳಗೂ ಸ್ವಲ್ಪ ಹೊತ್ತು ತಿರುಗುತ್ತಿತ್ತಂತೆ.

ಮರುದಿನ ತಲೆ ಹೊರಳಲಿಲ್ಲ. ಅದರ ಮರುದಿನವೂ. ಕುಂಡವನ್ನು ಹತ್ತಿರ ತಂದರು, ನಡುವಿಗೆ ತಂದರು. ಮತ್ತೊಂದು ಸಣ್ಣ ಆಘಾತವಾಗಿರಬಹುದು ಎಂದರು ವೈದ್ಯರು. ಮಿದುಳಿನ ಚಿತ್ರದಲ್ಲಿ ಖಚಿತವಾಗಿ ಏನೂ ಕಾಣಲಿಲ್ಲ. ಐದು ವಾರದ ಮೇಲೆ ಎದೆಯಲ್ಲಿ ಸೋಂಕು ಸೇರಿತು. ಸರದಿಯ ಸೋಮವಾರ ನಾನು ಹೋದಾಗ ಹಾಸಿಗೆಯ ಮೇಲೆ ಹೊಸ ಹೊದಿಕೆ ಮಡಿಸಿಟ್ಟಿತ್ತು. ಗಿಡ ಇರಲಿಲ್ಲ.

"ಪ್ರೂಫ್ ಸಾರೇ ತಗೊಂಡು ಹೋದರು ಅಣ್ಣ" ಎಂದರು ಹೆಡ್ ಸಿಸ್ಟರ್. " ಬಾಡಿಗೆ ಗಿಡ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ಅಕ್ಕನಿಗೆ ಎಲ್ಲ ಹೇಳಿದೆ. "ಹೋಗಲಿ ಬಿಡು" ಎಂದಳು. ಆಮೇಲೆ, "ಬದಲಾಯಿಸಿದ್ದು ಅವರಿಗೆ ಗೊತ್ತಾ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪ್ರೂಫ್ ಸಾರ್ ನಮ್ಮ ಅಂಗಳಕ್ಕೆ ಬಂದರು. ಕುಂಡವನ್ನು ಗೋಣಿಚೀಲದಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡಿದ್ದರು. ಅಕ್ಕ ಕುರ್ಚಿ ತಂದು ಹಾಕಿದಳು. ಅವರು ಕೂರಲಿಲ್ಲ. ಕುಂಡವನ್ನು ಕೆಲಸದ ಮೇಜಿನ ಮೇಲಿಟ್ಟು ಚೀಲ ಬಿಚ್ಚಿದರು. ಗಿಡ ಚೆನ್ನಾಗಿತ್ತು. ಮೂರು ಹೊಸ ಎಲೆ ಬಂದಿದ್ದವು.

"ಒಂದು ವಿಷಯ ಕೇಳಬೇಕು" ಎಂದರು. "ಬೈಯೋಕೆ ಬಂದಿಲ್ಲ. ಗೊತ್ತಾಗಬೇಕು ಅಷ್ಟೇ. ಇದು ಆ ಗಿಡವೇನಾ?"

ನನ್ನ ಬಾಯಿಯ ತುದಿಗೆ 'ಇದೇ ಅದು ಸಾರ್' ಬಂತು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಅಲ್ಲ" ಎಂದೆ. "ಕೊನೆಯ ಐದು ವಾರ ಇದ್ದದ್ದು ಬೇರೆ. ನಾನೇ ಬದಲಾಯಿಸಿದೆ."

ಅವರು ತಲೆಯಾಡಿಸಿದರು, ಉತ್ತರ ಮೊದಲೇ ಗೊತ್ತಿದ್ದವರಂತೆ. ಈಗ ಕುರ್ಚಿಯಲ್ಲಿ ಕೂತರು.

"ನಾನು ಎಣಿಸಿದೆ. ಹನ್ನೊಂದು ಇತ್ತು. ಹರಿದದ್ದು ಇತ್ತು. ಮೂವತ್ತೆಂಟು ವರ್ಷ ಪ್ರೂಫ್ ನೋಡಿದವನು ನಾನು, ನನಗೆ ಸಿಗಲಿಲ್ಲ. ಮೊನ್ನೆ ಕಿಟಕಿ ಹತ್ತಿರ ಎಲೆ ಒರೆಸ್ತಾ ಇದ್ದೆ. ಒಂದು ಎಲೆ ಒರೆಸಿ ಅದರ ಮೇಲಿನದಕ್ಕೆ ಕೈ ಹೋಗುತ್ತಲ್ಲ, ಆ ಕೈ ಎಡಕ್ಕೆ ಹೋಗ್ತಿತ್ತು. ಎಡಕ್ಕೆ, ಎಡಕ್ಕೆ, ಸುತ್ತಿಕೊಂಡು ಮೇಲಕ್ಕೆ. ಆಸ್ಪತ್ರೇಲಿ ಮೊದಲ ಗಿಡ ಒರೆಸುವಾಗ ನನ್ನ ಕೈ ಅವಳ ಹಾಸಿಗೆ ಕಡೆ ಬಂದು ತಾಗ್ತಿತ್ತು. ಬಲಕ್ಕೆ."

ನಾನು ಮೇಜಿನ ಮೇಲಿದ್ದ ಗಿಡದ ಕಡೆ ಬಗ್ಗಿದೆ.

ಕ್ರೋಟನ್ನಿನ ಎಲೆಗಳು ಕಾಂಡದ ಸುತ್ತ ಸುರುಳಿ ಮೆಟ್ಟಿಲಿನಂತೆ ಏರುತ್ತವೆ. ಕೆಲವು ಗಿಡಗಳಲ್ಲಿ ಆ ಮೆಟ್ಟಿಲು ಬಲಕ್ಕೆ ಹತ್ತುತ್ತದೆ, ಕೆಲವುಗಳಲ್ಲಿ ಎಡಕ್ಕೆ. ಒಂದೇ ತಾಯಿಯ ಬೇರೆ ಬೇರೆ ರೆಂಬೆಗಳಲ್ಲೂ ಇದು ಬೇರೆಯಿರಬಹುದು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕಾಲೇಜಿನ ಕೊನೆಯ ವರ್ಷದಲ್ಲಿ ತೋಟದ ಇನ್ನೂರ ಹನ್ನೆರಡು ಕ್ರೋಟನ್‌ಗಳನ್ನು ಕೂತು ಎಣಿಸಿ, ನೂರಾ ಒಂಬತ್ತು ಎಡ, ನೂರಾ ಮೂರು ಬಲ ಎಂದು ಪ್ರಬಂಧ ಬರೆದವನು ನಾನು. ತಾರಸಿಯ ಬಿಸಿಲಿನಲ್ಲಿ ಎರಡನ್ನೂ ಇಪ್ಪತ್ತು ನಿಮಿಷ ಎದುರಿಗಿಟ್ಟುಕೊಂಡು ನೋಡಿದ್ದೆ. ಎಲೆಗಳನ್ನು ನೋಡಿದೆ, ಎಲೆಗಳ ದಾರಿಯನ್ನು ನೋಡಲಿಲ್ಲ.

"ಆದರೆ ಸಾರ್," ಎಂದೆ, "ಅವರು ಅದನ್ನ ಗುರುತು ಹಿಡಿದಿರೋಕೆ ಸಾಧ್ಯ ಇಲ್ಲ. ಅವರಿದ್ದ ಸ್ಥಿತಿಯಲ್ಲಿ. ನಾನೇ ಹಿಡಿಯಲಿಲ್ಲ."

"ಅವಳು ಏನು ಕೆಲಸ ಮಾಡ್ತಿದ್ದಳು ಅಂತ ನಿಮಗೆ ಹೇಳಿದ್ದೆನಾ?"

ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಮೋಟಾರು ರಿಪೇರಿ ಅಂಗಡೀಲಿ ಕಾಯಿಲ್ ಸುತ್ತುತ್ತಿದ್ದಳು. ಇಪ್ಪತ್ತೆಂಟು ವರ್ಷ. ಸುಟ್ಟುಹೋದ ಮೋಟಾರು ಬರುತ್ತೆ, ಹಳೇ ತಂತಿ ಬಿಚ್ಚಬೇಕು, ಹೊಸದು ಸುತ್ತಬೇಕು. ಬಲಕ್ಕೆ ಸುತ್ತಬೇಕಾದ್ದನ್ನ ಎಡಕ್ಕೆ ಸುತ್ತಿದರೆ ಮೋಟಾರು ಗುರ್ ಅನ್ನುತ್ತೆ, ತಿರುಗಲ್ಲ, ಮತ್ತೆ ಸುಟ್ಟುಹೋಗುತ್ತೆ. ಬೇರೆಯವರು ಸುತ್ತಿದ್ದನ್ನ ಅವಳು ದೂರದಿಂದ ನೋಡಿ ಹೇಳ್ತಿದ್ದಳು, ಉಲ್ಟಾ ಇದೆ ಬಿಚ್ಚಿ ಅಂತ. ಬಾಯಲ್ಲಿ ಹೇಳ್ತಿರಲಿಲ್ಲ, ಯಂತ್ರಗಳ ಸದ್ದಲ್ಲಿ ಕೇಳಿಸಲ್ಲವಲ್ಲ." ಅವರು ಮೇಜಿನ ಮೇಲೆ ತೋರುಬೆರಳಿಟ್ಟು ನಿಧಾನವಾಗಿ ಒಂದು ಸುತ್ತು ಹಾಕಿದರು. ನಿಲ್ಲಿಸಿ, ಉಲ್ಟಾ ಒಂದು ಸುತ್ತು. "ಹೀಗೆ ತೋರಿಸ್ತಿದ್ದಳು."

ಅಕ್ಕ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು.

"ನನಗೆ ಹೇಳಿದಳು" ಎಂದರು ಪ್ರೂಫ್ ಸಾರ್. "ಎರಡೆರಡು ಸಲ ಹೇಳಿದಳು. ನಾನು ಅದೇ ಗಿಡ ಅಂದೆ. ಸಾಕು ಸಾಕು ಅಂತ ಬೆರಳು ಹಿಡಿದುಕೊಂಡೆ."

ನಾನು ವಿಜ್ಞಾನ ಓದಿದವನು. ಒಂದೇ ಒಂದು ಸಲ ನಡೆದ ಘಟನೆಯಿಂದ ಕಾರಣ ಕಟ್ಟಬಾರದೆಂದು ನಮಗೆ ಕಲಿಸಿದ್ದಾರೆ. ಆಕೆ ತಿರುಗದೇ ಹೋದದ್ದಕ್ಕೆ ಇನ್ನೊಂದು ಆಘಾತವೇ ಕಾರಣವಿರಬಹುದು. ಬೆರಳ ಆ ಸುತ್ತು ಕೈಯ ಹಳೆಯ ಅಭ್ಯಾಸ ಮಾತ್ರ ಇರಬಹುದು. ಇದನ್ನೆಲ್ಲ ಅವರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಇರಬಹುದು" ಎಂದರು. "ಆ ಗಿಡ ಏನಾಯಿತು?"

ಬೋಳಾಗುತ್ತ ಬಂದವನ್ನು ಅಕ್ಕ ಗೇಣುದ್ದ ಬಿಟ್ಟು ಕತ್ತರಿಸಿ ಹಿಂದಿನ ಸಾಲಿಗೆ ಸರಿಸುತ್ತಾಳೆ. ಹುಡುಕಿ ತಂದೆ. ಸುಣ್ಣದ ಗೆರೆಯ ಕುಂಡದಲ್ಲಿ ಒಂದು ಮೊಂಡು ಕೋಲು. ಅದರ ಮೈಮೇಲೆ ಉದುರಿದ ಎಲೆಗಳ ಗುರುತುಗಳು ಅರ್ಧಚಂದ್ರದ ಆಕಾರದಲ್ಲಿ ಉಳಿದಿದ್ದವು. ಕತ್ತರಿಸಿದ ತುದಿಯ ಕೆಳಗೆ ಎರಡು ಚಿಗುರು ಭತ್ತದ ಕಾಳಿನಷ್ಟು ಮೂಡಿದ್ದವು. ಎರಡೂ ಕುಂಡಗಳನ್ನು ಅಕ್ಕಪಕ್ಕ ಇಟ್ಟೆ.

ಅವರು ಕನ್ನಡಕ ಏರಿಸಿಕೊಂಡು ಕೆಳಗಿನ ಗುರುತಿನ ಮೇಲೆ ಬೆರಳಿಟ್ಟರು. ಅಲ್ಲಿಂದ ಮೇಲಿನದಕ್ಕೆ, ಅಲ್ಲಿಂದ ಅದರ ಮೇಲಿನದಕ್ಕೆ. ಬೆರಳು ಬಲಕ್ಕೆ ಸುತ್ತುತ್ತ ಏರಿ ಕತ್ತರಿಸಿದಲ್ಲಿಗೆ ಬಂದು ನಿಂತಿತು. ಇನ್ನೊಂದು ಗಿಡದಲ್ಲೂ ಹಾಗೇ ಮಾಡಿದರು. ಎಡಕ್ಕೆ. ಮತ್ತೆ ಮೊದಲನೆಯದರಲ್ಲಿ. ಎಷ್ಟು ಸಲವೋ. ನಾನು ಅಂಗಿಯ ತೋಳಿನ ಕಂದು ಕಲೆ ನೋಡುತ್ತ ನಿಂತಿದ್ದೆ.

"ಇದನ್ನ ಕೊಡಿ" ಎಂದರು ಕೊನೆಗೆ. "ಬೆಳೆಸೋದು ಹೇಗೆ ಹೇಳಿ, ಬರೆದುಕೊಳ್ತೀನಿ."

"ಈ ಚಿಗುರು ಹೇಗೆ ತಿರುಗುತ್ತೆ ಅಂತ ಹೇಳೋಕಾಗಲ್ಲ ಸಾರ್" ಎಂದೆ. ಇನ್ನು ಮುಂದೆ ಅವರಿಗೆ ಒಂದು ಮಾತನ್ನೂ ಮುಚ್ಚಿಡಬಾರದೆನಿಸಿತ್ತು. "ಬೇರು, ಕಾಂಡ ಅದೇ. ಆದರೆ ಪಕ್ಕದ ಚಿಗುರು ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ಐದು ಎಲೆ ಬಂದ ಮೇಲೆ ತಿಳಿಯುತ್ತೆ."

"ಎರಡಿವೆಯಲ್ಲ" ಎಂದರು. "ಹೇಳಿ."

ಹೇಳಿದೆ. ಮೂಡಣ ಕಿಟಕಿ ಒಳ್ಳೆಯದು, ದಿನಕ್ಕೆ ಮೂರು ಗಂಟೆ ಎಳೆಬಿಸಿಲು. ಒಮ್ಮೆ ಇಟ್ಟ ಮೇಲೆ ಜಾಗ ಬದಲಾಯಿಸಬಾರದು. ಫ್ಯಾನಿನ ಗಾಳಿ ನೇರ ಬಡಿಯಬಾರದು. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಒಂದು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಎಲೆಯ ಅಡಿಯಲ್ಲಿ ಹತ್ತಿಯಂಥ ಬಿಳಿ ಹುಳು ಕಂಡರೆ ಸಾಬೂನು ನೀರಿನಿಂದ ಒರೆಸಬೇಕು. ಬಿಸಿಲಿನ ದಿನಗಳಲ್ಲಿ ಎಲೆಗೆ ನೀರು ಚಿಮುಕಿಸಬೇಕು.

"ನೀರು ಯಾವಾಗ ಹಾಕೋದು ಅಂತ ಬಿಟ್ಟಿರಿ" ಎಂದರು ಬರೆಯುತ್ತಲೇ.

"ಅದು ನಿಮಗೆ ಮೊದಲೇ ಹೇಳಿದ್ದೆ."

"ಹೌದು. ಬೆರಳು ಒಂದು ಗೆಣ್ಣು." ಅದನ್ನೂ ಬರೆದುಕೊಂಡರು.

ನಕಲನ್ನು ಇಲ್ಲೇ ಬಿಟ್ಟುಹೋಗುತ್ತಾರೆಂದುಕೊಂಡಿದ್ದೆ. ಅದನ್ನೂ ಎತ್ತಿಕೊಂಡರು. "ಇದರದೇನು ತಪ್ಪು?" ಎಂದರು. ಗಡಿಯಾರ ಎರಡೂ ಕುಂಡಗಳ ಜೊತೆ ಅವರನ್ನು ಮನೆಗೆ ಬಿಟ್ಟುಬಂದ. ಟೆಂಪೋವನ್ನು ಅಷ್ಟು ನಿಧಾನವಾಗಿ ಓಡಿಸಿದ್ದು ತನ್ನ ಜೀವಮಾನದಲ್ಲೇ ಮೊದಲು ಎಂದ.

ಮೂರು ತಿಂಗಳ ಮೇಲೆ ಒಂದು ಬೆಳಗ್ಗೆ ಫೋನು ಬಂತು. ಚಪ್ಪರದಡಿ ಕಡ್ಡಿ ನೆಡುತ್ತಿದ್ದೆ. ಮಣ್ಣಿನ ಕೈಯಲ್ಲೇ ಎತ್ತಿಕೊಂಡೆ.

"ಐದನೇ ಎಲೆ ಬಿಚ್ಚಿತು" ಎಂದರು ಪ್ರೂಫ್ ಸಾರ್. "ಎಡಕ್ಕೆ."

ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟೆ.

"ಇನ್ನೊಂದು ಚಿಗುರು?" ಎಂದೆ.

"ಅದು ಹೋದ ತಿಂಗಳೇ ಒಣಗಿ ಬಿತ್ತು. ನಿಮಗೆ ಹೇಳಲಿಲ್ಲ." ಆ ಕಡೆ ಕಿಟಕಿಯ ಬಾಗಿಲು ಸರಿಸಿದ ಸದ್ದಾಯಿತು. "ಇದನ್ನ ಕತ್ತರಿಸಿದರೆ ಮತ್ತೆ ಬೇರೆ ಬರುತ್ತಾ?"

"ಬರಬಹುದು. ಕೋಲು ಹಳೇದಾಗಿದೆ, ಬರದೆಯೂ ಇರಬಹುದು. ಬಂದರೂ ಬಲಕ್ಕೇ ಬರುತ್ತೆ ಅಂತ ಇಲ್ಲ."

"ಅದೇ ಅಂದುಕೊಂಡೆ" ಎಂದರು. "ಎಲೆಗಳು ಚೆನ್ನಾಗಿವೆ. ಹಳದಿ ಜಾಸ್ತಿ ಬಂದಿದೆ, ಅಲ್ಲಿದ್ದಾಗ ಇಷ್ಟು ಇರಲಿಲ್ಲ. ಇವತ್ತು ಮಣ್ಣು ಒಣಗಿತ್ತು, ನೀರು ಹಾಕಿದೆ" ಎಂದರು.

"ಬೆರಳು ಇಳಿಸಿ ನೋಡಿದಿರಾ?"

"ನೋಡಿದೆ" ಎಂದರು. "ಒಂದು ಗೆಣ್ಣು."